ಮಗಳ ಬಾಣಂತನಕ್ಕೆ ಅಮೆರಿಕಕ್ಕೆ: ವಿಮಾನದ ಹೊಗೆಗೆ ನೂರು ಗಿಡ ಸಾಕೇ?

ಪ್ರಶ್ನೆ: ನಾನು ಧಾರವಾಡದವಳು, ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದೇನೆ. ಮಗಳು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಇದ್ದಾಳೆ. ಅವಳ ಬಾಣಂತನಕ್ಕೆ ಈ ಆಗಸ್ಟಿನಲ್ಲಿ ನಾನೂ ನಮ್ಮ ಮನೆಯವರೂ ಹೊರಟಿದ್ದೇವೆ. ಟಿಕೆಟ್ ತೆಗೆಯುವಾಗ ಕೊನೆಗೆ ಒಂದು ಚೌಕ ಬಂತು. ಇಬ್ಬರಿಗೂ ಸೇರಿ ಇನ್ನು 800 ರೂಪಾಯಿ ಕೊಟ್ಟರೆ ನಿಮ್ಮ ಪ್ರಯಾಣದ ಕಾರ್ಬನ್ ಸರಿದೂಗಿಸುತ್ತೇವೆ ಎಂದು ಅದರಲ್ಲಿ ಬರೆದಿತ್ತು. ನಾನು ಟಿಕ್ ಮಾಡೋಣ ಅಂದೆ. ನಮ್ಮ ಮನೆಯವರು (ಅವರದು ಹುಬ್ಬಳ್ಳಿಯಲ್ಲಿ ಅಂಗಡಿ, ದಿನಾ ಕಾರಿನಲ್ಲಿ ಹೋಗಿ ಬರುತ್ತಾರೆ) ಅದೆಲ್ಲ ಬರೀ ಸುಳ್ಳು ಅಂದರು. ರೋಣದ ಹತ್ತಿರ ನನ್ನ ತಮ್ಮನಿಗೆ ಎರಡು ಎಕರೆ ಎರೆ ಹೊಲ ಇದೆ. ಅವನು "ಅಕ್ಕಾ, ಅವರಿಗೆ ಯಾಕ ರೊಕ್ಕ ಕೊಡ್ತಿ, ನಮ್ಮ ಹೊಲದಾಗ ನೂರು ಗಿಡ ಹಚ್ಚೋಣ" ಅನ್ನುತ್ತಾನೆ. ಯಾರ ಮಾತು ಸರಿ?

ಉತ್ತರ: ಅಕ್ಕೋರೇ, ಬಾಣಂತನಕ್ಕೆ ಹೋಗಲೇಬೇಕು, ಹೋಗಿ ಬನ್ನಿ. ಅದರ ಬಗ್ಗೆ ಮನಸ್ಸಿನಲ್ಲಿ ಅಳುಕು ಇಟ್ಟುಕೊಳ್ಳಬೇಡಿ. ಧಾರವಾಡ, ಗದಗ, ಹಾವೇರಿ ಸೀಮೆಯ ಹೊಲಗಳಲ್ಲಿ ಗಿಡಗಳ ಸುತ್ತಳತೆ ಹಿಡಿದು, ಅವು ಎಷ್ಟು ಇಂಗಾಲ ಕೂಡಿಟ್ಟಿವೆ ಎಂದು ಲೆಕ್ಕ ಹಾಕುವುದು ಹದಿನೈದು ವರ್ಷದಿಂದ ನನ್ನ ಕೆಲಸ. ಆ ಅನುಭವದಿಂದ ಹೇಳುತ್ತೇನೆ. ನಿಮ್ಮ ಮನೆಯವರ ಅನುಮಾನಕ್ಕೆ ಗಟ್ಟಿ ಕಾರಣ ಇದೆ. ತಮ್ಮನ ಮಾತಿನಲ್ಲೂ ಹುರುಳಿದೆ, ಆದರೆ ಗಿಡ ಹಚ್ಚಿದರಾಗಲಿಲ್ಲ, ಉಳಿಸಬೇಕು. ಚೌಕಕ್ಕೆ ಟಿಕ್ ಮಾಡಿದ ಕೂಡಲೇ ವಿಮಾನದ ಹೊಗೆ ಅಳಿಸಿ ಹೋಗುತ್ತದೆ ಎಂದು ಮಾತ್ರ ನಂಬಬೇಡಿ. ಇನ್ನು ನಿಮ್ಮ ಪತ್ರದಲ್ಲಿ ಕಂಸದೊಳಗೆ ಬಂದು ಹೋದ ಒಂದು ಸಂಗತಿ ಇದೆ: ನಿಮ್ಮ ಮನೆಯವರ ಕಾರು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹೊಗೆಯ ತೂಕ ನೋಡೋಣ. ಒಂದು ಲೀಟರ್ ಪೆಟ್ರೋಲ್ ತೂಗುವುದು ಮುಕ್ಕಾಲು ಕೆಜಿ. ಅದನ್ನು ಸುಟ್ಟರೆ 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಮುಕ್ಕಾಲು ಕೆಜಿ ಸುಟ್ಟರೆ ಎರಡು ಕೆಜಿ ಮೇಲೆ ಹೇಗೆ ಬಂತು ಎಂದು ಬಹಳ ಜನ ಕೇಳುತ್ತಾರೆ. ನೀವು ವಿಜ್ಞಾನ ಕಲಿಸಿದವರು, ನಿಮಗೆ ಗೊತ್ತೇ ಇದೆ. 12 ಗ್ರಾಂ ಇಂಗಾಲ ಉರಿಯುವಾಗ ಗಾಳಿಯಿಂದ 32 ಗ್ರಾಂ ಆಮ್ಲಜನಕ ಎಳೆದುಕೊಳ್ಳುತ್ತದೆ, ಒಟ್ಟು 44 ಗ್ರಾಂ ಆಗುತ್ತದೆ. ಡೀಸೆಲ್ ಆದರೆ ಲೀಟರಿಗೆ 2.7 ಕೆಜಿ. ವಿಮಾನದ ಇಂಧನ ಆದರೆ ಒಂದು ಕೆಜಿಗೆ 3.16 ಕೆಜಿ. ಈ 12 ಮತ್ತು 44ರ ಲೆಕ್ಕ ನೆನಪಿಟ್ಟುಕೊಳ್ಳಿ. ಗಿಡದ ವಿಷಯಕ್ಕೆ ಬಂದಾಗ ಇದೇ ಲೆಕ್ಕ ಮತ್ತೆ ಬೇಕಾಗುತ್ತದೆ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರವಾಗಿ ಹಾರಿದರೂ ಸುಮಾರು 14,000 ಕಿಲೋಮೀಟರ್. ಎಕಾನಮಿ ಸೀಟಿನಲ್ಲಿ ಒಬ್ಬರು ಹೋಗಿ ಬಂದರೆ ಅವರ ಪಾಲಿಗೆ 2ರಿಂದ 2.5 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ನಮ್ಮ ದೇಶದಲ್ಲಿ ಒಬ್ಬ ಮನುಷ್ಯನ ಲೆಕ್ಕಕ್ಕೆ ಇಡೀ ವರ್ಷಕ್ಕೆ ಬರುವ ಸರಾಸರಿಯೇ ಸುಮಾರು 2 ಟನ್. ಅಡುಗೆ, ಕರೆಂಟು, ಓಡಾಟ, ಕಾರ್ಖಾನೆ, ಸಿಮೆಂಟು ಎಲ್ಲ ಸೇರಿ ಅಷ್ಟು. ಅಂದರೆ ಒಂದು ಸಲ ಹೋಗಿ ಬಂದರೆ ಒಂದು ವರ್ಷದ ಪಾಲು ಮುಗಿಯಿತು. ನಿಮ್ಮಿಬ್ಬರದ್ದೂ ಸೇರಿ 4.5 ಟನ್ ಎಂದು ಇಟ್ಟುಕೊಳ್ಳೋಣ.

ಬೇರೆ ಬೇರೆ ವೆಬ್‌ಸೈಟಿನಲ್ಲಿ ನೋಡಿದರೆ ಒಂದೇ ಪ್ರಯಾಣಕ್ಕೆ ಬೇರೆ ಬೇರೆ ಅಂಕಿ ಸಿಗುತ್ತದೆ. ಕೆಲವು ಕಡೆ ಎರಡು ಪಟ್ಟು ಕೂಡ ತೋರಿಸುತ್ತದೆ. ಅದು ತಪ್ಪಲ್ಲ. ವಿಮಾನ ಹೋದ ಮೇಲೆ ಆಕಾಶದಲ್ಲಿ ಬಿಳಿ ಗೆರೆ ಉಳಿಯುತ್ತದಲ್ವಾ, ಅದು ತೆಳು ಮೋಡದ ಹಾಗೆ ಹರಡಿ ಭೂಮಿಯ ಬಿಸಿಯನ್ನು ಹಿಡಿದಿಡುತ್ತದೆ. ಎತ್ತರದಲ್ಲಿ ಬಿಡುವ ಬೇರೆ ಅನಿಲಗಳದ್ದೂ ಪರಿಣಾಮ ಇದೆ. ವಿಮಾನಗಳಿಂದ ಆಗುವ ಒಟ್ಟು ಬಿಸಿಯಲ್ಲಿ ಇಂಗಾಲದ ಡೈಆಕ್ಸೈಡ್‌ನ ಪಾಲು ಮೂರರಲ್ಲಿ ಒಂದು ಮಾತ್ರ ಎಂದು 2021ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಹೇಳಿತು. ಇದನ್ನು ಸೇರಿಸಿದವರು ದೊಡ್ಡ ಅಂಕಿ ಕೊಡುತ್ತಾರೆ, ಸೇರಿಸದವರು ಸಣ್ಣದು ಕೊಡುತ್ತಾರೆ. ಟಿಕೆಟ್ ಮಾರುವವರು ಸಾಮಾನ್ಯವಾಗಿ ಸಣ್ಣದನ್ನೇ ತೋರಿಸುತ್ತಾರೆ.

ಈಗ ಆ ಚೌಕ. ನೀವು ಕೊಟ್ಟ ಹಣದಿಂದ ವಿಮಾನ ಕಂಪನಿ ಕಾರ್ಬನ್ ಕ್ರೆಡಿಟ್ ಕೊಳ್ಳುತ್ತದೆ. ಒಂದು ಕ್ರೆಡಿಟ್ ಅಂದರೆ ಒಂದು ಟನ್. ಎಲ್ಲೋ ಒಬ್ಬರು ಗಾಳಿಯಂತ್ರ ಹಾಕಿದರು, ಕಾಡು ಕಡಿಯದೆ ಉಳಿಸಿದರು, ಹೊಗೆ ಕಡಿಮೆ ಬರುವ ಒಲೆ ಹಂಚಿದರು. ಅದರಿಂದ ಒಂದು ಟನ್ ಉಳಿಯಿತು ಎಂದು ಪ್ರಮಾಣಪತ್ರ ಪಡೆದು ಮಾರುತ್ತಾರೆ. ವೆರಾ, ಗೋಲ್ಡ್ ಸ್ಟ್ಯಾಂಡರ್ಡ್ ಎಂಬ ಸಂಸ್ಥೆಗಳು ಇವನ್ನು ನೋಂದಾಯಿಸುತ್ತವೆ. ಕೇಳಲು ಚೆನ್ನಾಗಿದೆ. ಆದರೆ ಇಡೀ ವ್ಯವಹಾರ ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ನಿಮ್ಮ ದುಡ್ಡು ಬರದೇ ಇದ್ದಿದ್ದರೂ ಆ ಕೆಲಸ ಆಗುತ್ತಿತ್ತಾ? ಆಗುತ್ತಿತ್ತು ಅಂತಾದರೆ ನಿಮ್ಮ ದುಡ್ಡಿನಿಂದ ಏನೂ ಉಳಿಯಲಿಲ್ಲ. ಹೊಗೆ ಮಾತ್ರ ಹೋಗಿದ್ದು ನಿಜ.

ಗದಗದಿಂದ ಮುಂಡರಗಿ ಕಡೆ ಹೋಗುವಾಗ ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುವುದನ್ನು ನೀವು ನೋಡಿರುತ್ತೀರಿ. 1997ರ ಕ್ಯೋಟೋ ಒಪ್ಪಂದದಿಂದ ಬಂದ ಕ್ಲೀನ್ ಡೆವಲಪ್‌ಮೆಂಟ್ ಮೆಕ್ಯಾನಿಸಂ ಎಂಬ ವ್ಯವಸ್ಥೆಯಲ್ಲಿ ಕರ್ನಾಟಕದ ಎಷ್ಟೋ ಗಾಳಿ ವಿದ್ಯುತ್ ಯೋಜನೆಗಳಿಗೆ ಕ್ರೆಡಿಟ್ ಸಿಕ್ಕಿದೆ. ಯುರೋಪಿನ ಕಂಪನಿಗಳು ಅವನ್ನು ಕೊಂಡು ತಮ್ಮ ಹೊಗೆಗೆ ಸರಿಮಾಡಿಕೊಂಡವು. ಆಮೇಲೆ ಅರ್ಥಶಾಸ್ತ್ರಜ್ಞರ ಒಂದು ತಂಡ ಭಾರತದ 1,350 ಗಾಳಿ ವಿದ್ಯುತ್ ಯೋಜನೆಗಳನ್ನು ಒಂದಕ್ಕೊಂದು ಹೋಲಿಸಿ ನೋಡಿತು. ಕ್ರೆಡಿಟ್ ಪಡೆದ ಯೋಜನೆಗಳಿಗಿಂತ ಕಡಿಮೆ ಲಾಭದ ಯೋಜನೆಗಳು ಕ್ರೆಡಿಟ್ ಇಲ್ಲದೆಯೇ ಎದ್ದು ನಿಂತಿದ್ದವು. ಹಾಗಾದರೆ ಹೆಚ್ಚು ಲಾಭದವು ಕ್ರೆಡಿಟ್ ಇಲ್ಲದಿದ್ದರೂ ಬರುತ್ತಿದ್ದವು ತಾನೆ? ಕೊಟ್ಟ ಕ್ರೆಡಿಟ್‌ಗಳಲ್ಲಿ ಕನಿಷ್ಠ ಶೇಕಡಾ 52ರಷ್ಟು ಇಂಥ ಯೋಜನೆಗಳ ಪಾಲಾಗಿದ್ದವು ಎಂದು ಅವರು ಲೆಕ್ಕ ಹಾಕಿದರು. ಗಾಳಿಯಂತ್ರ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಆ ಗುಡ್ಡದ ಗಾಳಿಯಿಂದ ಬರುವ ಕರೆಂಟು ನಮಗೆ ಬೇಕೇ ಬೇಕು. ಆದರೆ ಹೇಗೂ ತಿರುಗುತ್ತಿದ್ದ ರೆಕ್ಕೆಯ ಹೆಸರಿನಲ್ಲಿ ಇನ್ನೊಬ್ಬರ ಹೊಗೆಯನ್ನು ಅಳಿಸಿದೆವು ಅನ್ನುವುದು ಸರಿಯಲ್ಲ.

ಒಲೆಯ ಕತೆಯೂ ಹೀಗೆಯೇ. ಹೊಗೆ ಕಡಿಮೆ ಮಾಡುವ ಒಲೆ ನಮಗೇನು ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆಯನ್ನು ನಮ್ಮ ಹಳ್ಳಿಗಳಲ್ಲಿ ಹಳಬರು ಈಗಲೂ ನೆನೆಸುತ್ತಾರೆ. ಒಲೆ ಒಳ್ಳೆಯದೇ, ಹೆಣ್ಣುಮಕ್ಕಳ ಕಣ್ಣು, ಎದೆ ಉಳಿಯುತ್ತದೆ. ಆದರೆ ಒಲೆ ಕೊಟ್ಟ ಮನೆಯಲ್ಲಿ ಹಳೆ ಒಲೆಯೂ ಉರಿಯುತ್ತಲೇ ಇರುತ್ತದೆ. ಕ್ರೆಡಿಟ್ ಲೆಕ್ಕದಲ್ಲಿ ಅದು ಸರಿಯಾಗಿ ಬರುವುದಿಲ್ಲ. ಒಲೆ ಯೋಜನೆಗಳು ನಿಜವಾಗಿ ಉಳಿಸಿದ್ದಕ್ಕಿಂತ ಒಂಬತ್ತು ಪಟ್ಟಿನಷ್ಟು ಜಾಸ್ತಿ ಕ್ರೆಡಿಟ್ ತೆಗೆದುಕೊಂಡಿವೆ ಎಂದು 2024ರ ಆರಂಭದಲ್ಲಿ ಬಂದ ಸಂಶೋಧನೆ ತೋರಿಸಿತು.

ವಿಮಾನ ಕಂಪನಿಗಳಿಗೂ ಇದು ಗೊತ್ತಾಗಿದೆ. ಯುರೋಪಿನ ಈಸಿಜೆಟ್ ತನ್ನ ಎಲ್ಲ ಹಾರಾಟಕ್ಕೂ ಆಫ್‌ಸೆಟ್ (ಹೊಗೆ ಸರಿದೂಗಿಸುವ ಇಂಥ ಕ್ರೆಡಿಟ್) ಕೊಳ್ಳುತ್ತಿತ್ತು, 2022ರಲ್ಲಿ ಆ ಪದ್ಧತಿಯನ್ನೇ ಕೈಬಿಡುವುದಾಗಿ ಹೇಳಿತು. 2024ರ ಮಾರ್ಚ್‌ನಲ್ಲಿ ಆಮ್‌ಸ್ಟರ್‌ಡ್ಯಾಮಿನ ನ್ಯಾಯಾಲಯ ಕೆಎಲ್‌ಎಂ ಕಂಪನಿಯ ಪರಿಸರದ ಜಾಹೀರಾತುಗಳು ಜನರ ದಾರಿ ತಪ್ಪಿಸುತ್ತವೆ ಎಂದು ತೀರ್ಪು ಕೊಟ್ಟಿತು. ಗಿಡ ನೆಟ್ಟು ಹಾರಾಟದ ಹೊಗೆಯನ್ನು ಸರಿಪಡಿಸಬಹುದು ಎಂಬ ಭಾವನೆ ಹುಟ್ಟಿಸುವ ಮಾತುಗಳೂ ಅದರಲ್ಲಿ ಇದ್ದವು. ನಿಮ್ಮ ಮನೆಯವರ ಅನುಮಾನಕ್ಕೆ ಗಟ್ಟಿ ಕಾರಣ ಇದೆ ಅಂದಿದ್ದು ಇದಕ್ಕೇ.

ಬೆಲೆಯನ್ನೂ ನೋಡಿ. 4.5 ಟನ್ನಿಗೆ 800 ರೂಪಾಯಿ ಅಂದರೆ ಟನ್ನಿಗೆ 180 ರೂಪಾಯಿಯ ಹತ್ತಿರ. ಒಂದು ಸಸಿಯನ್ನು ನಮ್ಮ ಬಯಲುಸೀಮೆಯಲ್ಲಿ ಮೂರು ವರ್ಷ ಬೆಳೆಸಿ ನಿಲ್ಲಿಸಲು ಗುಂಡಿ, ಮುಳ್ಳುಬೇಲಿ, ನೀರು, ಆಳಿನ ಕೂಲಿ ಸೇರಿ 300ರಿಂದ 400 ರೂಪಾಯಿ ಬೀಳುತ್ತದೆ ಎನ್ನುವುದು ನನ್ನ ಅನುಭವ. ಅಷ್ಟು ಖರ್ಚು ಮಾಡಿದ ಒಂದು ಗಿಡ ಇಪ್ಪತ್ತು ವರ್ಷಕ್ಕೂ ಒಂದು ಟನ್ ಹೀರುವುದಿಲ್ಲ. ಐಸ್‌ಲೆಂಡಿನಲ್ಲಿ ಗಾಳಿಯಿಂದಲೇ ಇಂಗಾಲದ ಡೈಆಕ್ಸೈಡ್ ಸೋಸಿ ಕಲ್ಲಿನೊಳಗೆ ತುಂಬುವ ಓರ್ಕಾ ಎಂಬ ಘಟಕ 2021ರಲ್ಲಿ ಶುರುವಾಯಿತು. ಅಂಥ ಕೆಲಸಕ್ಕೆ ಟನ್ನಿಗೆ ನೂರಾರು ಡಾಲರ್ ಬೇಕು. ಇಷ್ಟೆಲ್ಲ ಖರ್ಚಿನ ಕೆಲಸ 180 ರೂಪಾಯಿಗೆ ಸಿಗುತ್ತದೆ ಅಂದರೆ ಎಲ್ಲೋ ಏನೋ ಬಿಟ್ಟುಹೋಗಿದೆ ಅಂತಲೇ ಅರ್ಥ.

ಇಷ್ಟಾದ ಮೇಲೂ ಯಾವುದಾದರೂ ಯೋಜನೆಗೆ ಹಣ ಕೊಡಬೇಕು ಅನ್ನಿಸಿದರೆ ಚೌಕದ ಮೂಲಕ ಕೊಡಬೇಡಿ. ಯಾವ ಊರಿನ ಯಾವ ಯೋಜನೆ, ಯಾವ ವರ್ಷದ ಕ್ರೆಡಿಟ್, ಅದರ ಕ್ರಮಸಂಖ್ಯೆ ಏನು, ನಿಮ್ಮ ಹೆಸರಿನಲ್ಲಿ ಅದನ್ನು ರದ್ದು ಮಾಡಿ ದಾಖಲೆ ಕೊಡುತ್ತಾರಾ ಎಂದು ಕೇಳಿ. ರದ್ದು ಮಾಡುವುದು ಮುಖ್ಯ. ಇಲ್ಲದಿದ್ದರೆ ಒಂದೇ ಟನ್ನನ್ನು ಇನ್ನೊಬ್ಬರಿಗೂ ಮಾರಬಹುದು. ಈ ಪ್ರಶ್ನೆಗಳಿಗೆ ಉತ್ತರ ಕೊಡದವರಿಗೆ ದುಡ್ಡು ಕೊಡಬೇಕಿಲ್ಲ.

ಈಗ ತಮ್ಮನ ಗಿಡಕ್ಕೆ ಬರೋಣ. ಈ ಭಾಗ ನನಗೆ ತುಂಬಾ ಹತ್ತಿರದ್ದು, ಸ್ವಲ್ಪ ಉದ್ದ ಆಗುತ್ತದೆ.

ಕೋಲ್ಡ್‌ಪ್ಲೇ ಎಂಬ ಇಂಗ್ಲೆಂಡಿನ ಬ್ಯಾಂಡಿನವರು 2002ರಲ್ಲಿ ತಮ್ಮ ಹಾಡಿನ ಆಲ್ಬಮ್ಮಿನಿಂದಾದ ಹೊಗೆಗೆ ಸರಿಯಾಗಿ ನಮ್ಮ ರಾಜ್ಯದ ಗುಡಿಬಂಡೆ ತಾಲೂಕಿನಲ್ಲಿ 10,000 ಮಾವಿನ ಸಸಿ ನೆಡಿಸುವುದಾಗಿ ಹೇಳಿದರು. ಆಗ ಅದು ಕೋಲಾರ ಜಿಲ್ಲೆ, ಬರದ ಸೀಮೆ. ಸಸಿ ಬಂತು. ನೀರಿಗೆ, ಗೊಬ್ಬರಕ್ಕೆ, ಕೂಲಿಗೆ ಹಣ ಬಂದಿಲ್ಲ ಎಂದು ರೈತರು ಹೇಳಿದರು. ಬಹಳಷ್ಟು ಸಸಿ ಒಣಗಿ ಹೋಗಿವೆ ಎಂದು 2006ರಲ್ಲಿ ಪತ್ರಿಕೆಯಲ್ಲಿ ವರದಿಯಾಯಿತು. ಹಣ ಕೊಟ್ಟವರ ಮನಸ್ಸು ಒಳ್ಳೆಯದೇ ಇತ್ತು. ಕೊಡ ಹೊತ್ತು ನೀರು ಹಾಕುವವರು ಯಾರು ಎಂದು ಮಾತ್ರ ಯಾರೂ ಗಟ್ಟಿಯಾಗಿ ಕೇಳಿರಲಿಲ್ಲ.

ನಾನೇ ಕಣ್ಣಾರೆ ಕಂಡಿದ್ದೂ ಇದೆ. ಹಾವೇರಿ ಕಡೆಯ ಒಂದು ಊರಿನಲ್ಲಿ ಜೂನ್ 5ಕ್ಕೆ ನಾವೆಲ್ಲ ಸೇರಿ 200 ಸಸಿ ನೆಟ್ಟೆವು. ಮಕ್ಕಳು ಹಾಡು ಹೇಳಿದರು, ಫೋಟೋ ತೆಗೆದರು. ಮುಂದಿನ ಬೇಸಿಗೆಗೆ ಹೋಗಿ ಎಣಿಸಿದೆ. 70 ಇದ್ದವು. ಮೂರನೇ ವರ್ಷ ಎಣಿಸಿದಾಗ 31. ಉಳಿದವನ್ನು ಆಡು ತಿಂದಿದ್ದವು, ಕೆಲವು ನೀರಿಲ್ಲದೆ ಹೋದವು, ಒಂದು ಸಾಲು ಕಸಕ್ಕೆ ಹಚ್ಚಿದ ಬೆಂಕಿಗೆ ಸುಟ್ಟಿತ್ತು. ನನಗೆ ಅದು ಬಹಳ ನೋವು ಕೊಟ್ಟಿತು. ಅಂದಿನಿಂದ ಯಾರಾದರೂ ಇಷ್ಟು ಸಾವಿರ ಗಿಡ ನೆಟ್ಟೆವು ಅಂದರೆ, ಮೂರನೇ ಬೇಸಿಗೆ ದಾಟಿದವು ಎಷ್ಟು ಎಂದಷ್ಟೇ ಕೇಳುತ್ತೇನೆ.

ಒಂದು ಗಿಡ ಎಷ್ಟು ಇಂಗಾಲ ಹಿಡಿಯುತ್ತದೆ? ಒಣಗಿದ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ರೋಣದಂಥ ಕಡೆ, ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಎರೆ ಭೂಮಿಯಲ್ಲಿ, ಬದುವಿನ ಮೇಲೆ ಬೆಳೆದ ಒಂದು ಬೇವು ಅಥವಾ ಕರಿಜಾಲಿ ಇಪ್ಪತ್ತು ವರ್ಷಕ್ಕೆ ಬೇರು ಸೇರಿ 150 ಕೆಜಿ ಒಣ ತೂಕ ಆಗುತ್ತದೆ ಎಂದು ನಾನು ಹಿಡಿಯುತ್ತೇನೆ. ಇದು ಕೈ ಬಿಗಿ ಹಿಡಿದು ಹಾಕಿದ ಲೆಕ್ಕ, ಒಳ್ಳೆಯ ಮಣ್ಣಿದ್ದರೆ ಜಾಸ್ತಿಯೇ ಬರುತ್ತದೆ. 150 ಕೆಜಿಯಲ್ಲಿ 75 ಕೆಜಿ ಇಂಗಾಲ. 12ಕ್ಕೆ 44 ಎಂಬ ಆ ಲೆಕ್ಕ ಹಾಕಿ: 275 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಯಿಂದ ಇಳಿದು ಕಟ್ಟಿಗೆಯಾಯಿತು.

ನಿಮ್ಮ 4.5 ಟನ್ನಿಗೆ ಹೀಗೆ 16-17 ಗಿಡ ಬೇಕು. ಬಿಳಿ ಗೆರೆಯ ಪರಿಣಾಮ ಸೇರಿಸಿ ಲೆಕ್ಕವನ್ನು ಎರಡು ಪಟ್ಟು ಮಾಡಿದರೆ 33. ಹಚ್ಚಿದ್ದರಲ್ಲಿ ಅರ್ಧ ಸಾಯುತ್ತವೆ ಎಂದರೆ 66 ಸಸಿ ಹಚ್ಚಬೇಕು. ನಿಮ್ಮ ತಮ್ಮ ಅಂದಾಜಿನಲ್ಲಿ ನೂರು ಅಂದಿದ್ದು ಅಷ್ಟೇನೂ ದೂರ ಹೋಗಲಿಲ್ಲ! ಆದರೆ ಎರಡು ಎಕರೆ ಹೊಲದ ಸುತ್ತಳತೆ ಚೌಕವಾಗಿದ್ದರೆ 360 ಮೀಟರ್. ಐದಾರು ಮೀಟರಿಗೆ ಒಂದರಂತೆ ಬದುವಿನ ಮೇಲೆ 60ರಿಂದ 70 ಗಿಡ ಹಿಡಿಸುತ್ತವೆ. ಅದಕ್ಕಿಂತ ಒತ್ತಾಗಿ ಹಚ್ಚಿದರೆ ನೆರಳಿಗೆ ಹೆಸರು, ಕಡಲೆ, ಬಿಳಿಜೋಳ ಬರುವುದಿಲ್ಲ. ಪಕ್ಕದ ಹೊಲದವರ ಜೊತೆ ಜಗಳವೂ ಬರುತ್ತದೆ, ಬದುವಿನ ಗಿಡದ ನೆರಳು ಅವರ ಬೆಳೆಯ ಮೇಲೂ ಬೀಳುತ್ತದಲ್ವಾ. ಅವರನ್ನು ಮೊದಲೇ ಕೇಳಿಕೊಂಡರೆ ಒಳ್ಳೆಯದು. ಗಿಡ ದೊಡ್ಡದಾದ ಮೇಲೆ ಕಡಿದು ಕಟ್ಟಿಗೆ ಸುಟ್ಟರೆ ಹಿಡಿದಿಟ್ಟಿದ್ದೆಲ್ಲ ಮತ್ತೆ ಗಾಳಿಗೆ ಹೋಗುತ್ತದೆ. ತೊಲೆ, ಬಾಗಿಲು, ಮಂಚ ಮಾಡಿದರೆ ಉಳಿಯುತ್ತದೆ. ಹುಣಸೆಯಾದರೆ ಹಣ್ಣಿನ ಆಸೆಗೆ ಯಾರೂ ಕಡಿಯುವುದಿಲ್ಲ. ಹಾಗಾಗಿ ನನ್ನ ಆಯ್ಕೆ ಬೇವು, ಕರಿಜಾಲಿ, ನಡುನಡುವೆ ಹುಣಸೆ. ನೀಲಗಿರಿ ಬೇಡವೇ ಬೇಡ.

ನೀಲಗಿರಿ ಅಂದ ಕೂಡಲೇ ರಾಣೆಬೆನ್ನೂರು ನೆನಪಾಗುತ್ತದೆ. ಅಲ್ಲಿ 119 ಚದರ ಕಿಲೋಮೀಟರ್‌ನ ಕೃಷ್ಣಮೃಗ ಅಭಯಾರಣ್ಯ ಇದೆ, 1974ರಲ್ಲಿ ಆಗಿದ್ದು. ನಮ್ಮ ಕಡೆ ಚಿಗರಿ ಅನ್ನುತ್ತೇವಲ್ಲ, ಅದೇ ಪ್ರಾಣಿ. ಚಿಗರಿಗೆ ಬೇಕಾದದ್ದು ಬಯಲು, ಹುಲ್ಲು. ಒಂದು ಕಾಲಕ್ಕೆ ದೊರವಾಯನ ಹಕ್ಕಿಯೂ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಅಲ್ಲಿ ಕಾಣುತ್ತಿತ್ತು. ಖಾಲಿ ಜಾಗ ಎಂದು ಆ ಹುಲ್ಲುಗಾವಲಿನ ತುಂಬಾ ನೀಲಗಿರಿ ನೆಡಲಾಯಿತು. ಹುಲ್ಲು ಕುಗ್ಗಿತು, ದೊರವಾಯನ ಹಕ್ಕಿ ಅಲ್ಲಿಂದ ಕಾಣೆಯಾಯಿತು. ಹುಲ್ಲುಗಾವಲು ಖಾಲಿ ಜಾಗ ಅಲ್ಲ. ಅದರ ಬೇರಿನಲ್ಲಿ, ಮಣ್ಣಿನಲ್ಲಿ ಇಂಗಾಲ ಇರುತ್ತದೆ. ಕಪ್ಪತಗುಡ್ಡದ ಇಳಿಜಾರಿನಲ್ಲಿ ಗಿಡ ನೆಡೋಣ ಬನ್ನಿ, ಗೋಮಾಳದಲ್ಲಿ ಕಾಡು ಬೆಳೆಸೋಣ ಬನ್ನಿ ಎಂದು ಹಣ ಕೇಳುವವರು ಬಂದರೆ ಇದನ್ನು ನೆನಪಿಡಿ. ಉಳುಮೆ ಮಾಡಿದ ಹೊಲದ ಬದು ಗಿಡಕ್ಕೆ ಸರಿಯಾದ ಜಾಗ. ತಮ್ಮನ ಯೋಚನೆ ನನಗೆ ಇಷ್ಟವಾಗಿದ್ದಕ್ಕೆ ಇದೂ ಒಂದು ಕಾರಣ.

ಆದರೆ ಗಿಡದ ಲೆಕ್ಕದಲ್ಲಿ ಒಂದು ಕೊರತೆ ಇದೆ, ಅದನ್ನು ಮುಚ್ಚಿಡಬಾರದು. ನಿಮ್ಮ 4.5 ಟನ್ ಆಗಸ್ಟಿನಲ್ಲಿ ಹೋಗುವಾಗ ಅರ್ಧ, ಬರುವಾಗ ಅರ್ಧ ಗಾಳಿಗೆ ಸೇರುತ್ತದೆ. ಗಿಡ ಅದನ್ನು ಇಪ್ಪತ್ತು ವರ್ಷದಲ್ಲಿ ಚೂರುಚೂರಾಗಿ ವಾಪಸ್ ತರುತ್ತದೆ, ಮೊದಲ ಐದು ವರ್ಷ ಹೆಚ್ಚೇನೂ ತರುವುದಿಲ್ಲ. ಅಷ್ಟು ದಿನ ಆ ಬಿಸಿ ಇದ್ದೇ ಇರುತ್ತದೆ. ಗಾಳಿಗೆ ಹೋದ ಇಂಗಾಲದ ಡೈಆಕ್ಸೈಡ್‌ನಲ್ಲಿ ಒಂದು ಪಾಲು ಸಾವಿರ ವರ್ಷ ದಾಟಿಯೂ ಉಳಿಯುತ್ತದೆ. ಗಿಡಕ್ಕೆ ಅಷ್ಟು ಆಯಸ್ಸಿಲ್ಲ. ಹಾಗಾಗಿ ಗಿಡವನ್ನು ಸಾಲದ ಕಂತು ಎಂದು ತಿಳಿಯಿರಿ, ಸಾಲ ಮನ್ನಾ ಎಂದು ತಿಳಿಯಬೇಡಿ.

ಇದೇ ಕಾರಣಕ್ಕೆ ನಾನು ಕಾರಿನ ಮಾತು ಎತ್ತಿದ್ದು. ಸುಡದೇ ಬಿಟ್ಟ ಪೆಟ್ರೋಲ್‌ಗೆ ಇಪ್ಪತ್ತು ವರ್ಷ ಕಾಯಬೇಕಿಲ್ಲ. ಅದಕ್ಕೆ ಆಡಿನ ಕಾಟ ಇಲ್ಲ, ಪ್ರಮಾಣಪತ್ರ ಬೇಕಿಲ್ಲ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಬರಲು 40 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿನಲ್ಲಿ ಒಬ್ಬರೇ ಹೋದರೆ ದಿನಕ್ಕೆ 6 ಕೆಜಿ ಇಂಗಾಲದ ಡೈಆಕ್ಸೈಡ್. ವರ್ಷಕ್ಕೆ 300 ದಿನ ಅಂಗಡಿ ತೆಗೆದರೆ 1.8 ಟನ್. ಎರಡೂವರೆ ವರ್ಷದಲ್ಲಿ ನಿಮ್ಮಿಬ್ಬರ ಅಮೆರಿಕ ಪ್ರಯಾಣದಷ್ಟಾಯಿತು! ಅದೂ ಯಾರ ಕಣ್ಣಿಗೂ ಬೀಳದೆ, ನವನಗರ, ಉಣಕಲ್ ದಾಟುತ್ತ ದಾಟುತ್ತ.

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್‌ನ ಚಿಗರಿ ಬಸ್ಸಿನಲ್ಲಿ ಹೋದರೆ? ದೊಡ್ಡ ಎಸಿ ಬಸ್ಸು, ಲೀಟರ್ ಡೀಸೆಲ್‌ಗೆ ಮೂರು ಕಿಲೋಮೀಟರ್ ಓಡುತ್ತದೆ ಎಂದುಕೊಳ್ಳೋಣ. ಬಸ್ಸಿನ ಪೂರ್ತಿ 22 ಕಿಲೋಮೀಟರ್ ದಾರಿಗೆ ಏಳು ಲೀಟರ್ ಚಿಲ್ಲರೆ, 20 ಕೆಜಿ. ಅದರಲ್ಲಿ 40 ಜನ ಇದ್ದರೆ ತಲೆಗೆ ಅರ್ಧ ಕೆಜಿ. ಹೋಗಿ ಬರಲು ಒಂದು ಕೆಜಿ. ಆರು ಕೆಜಿ ಇದ್ದದ್ದು ಒಂದಾಯಿತು. ವರ್ಷಕ್ಕೆ ಒಂದೂವರೆ ಟನ್ ಉಳಿತಾಯ, ಮೂರು ವರ್ಷದಲ್ಲಿ ನಿಮ್ಮ 4.5 ಟನ್ ಪೂರ್ತಿ. 800 ಲೀಟರ್ ಪೆಟ್ರೋಲ್‌ನ ಹಣವೂ ವರ್ಷವರ್ಷ ಕೈಯಲ್ಲಿ ಉಳಿಯುತ್ತದೆ. ಅಂಗಡಿಗೆ ಸಾಮಾನು ಒಯ್ಯುವ ದಿನ ಕಾರು ಬೇಕಾಗಬಹುದು, ಬಸ್ಸಿನಲ್ಲಿ ಸಂಜೆ ಗದ್ದಲ ಇರುತ್ತದೆ, ಎಲ್ಲ ನಿಜ. ವಾರಕ್ಕೆ ನಾಲ್ಕು ದಿನ ಬಸ್ಸು, ಎರಡು ದಿನ ಕಾರು ಎಂದು ಮಾಡಿದರೂ ವರ್ಷಕ್ಕೆ ಒಂದು ಟನ್ ಉಳಿಯಿತು. ನಿಮ್ಮ ಮನೆಯವರು ಆಫ್‌ಸೆಟ್ ಸುಳ್ಳು ಅಂದರಲ್ವಾ, ಈ ಲೆಕ್ಕದಲ್ಲಿ ಸುಳ್ಳಿಗೆ ಜಾಗವೇ ಇಲ್ಲ. ಅವರ ಮುಂದೆ ಇದನ್ನೇ ಇಡಿ.

ಪ್ರಯಾಣದಲ್ಲೇ ಉಳಿಸುವುದೂ ಸ್ವಲ್ಪ ಇದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನ ಹಿಡಿದರೆ ಒಬ್ಬರಿಗೆ 35ರಿಂದ 50 ಕೆಜಿ. ಕಾರಿನಲ್ಲಿ 410 ಕಿಲೋಮೀಟರ್ ಹೋದರೆ ಇಡೀ ಕಾರಿಗೆ 60 ಕೆಜಿಯಷ್ಟು, ನಾಲ್ವರಿದ್ದರೆ ತಲೆಗೆ 15. ರೈಲಿನಲ್ಲಿ 5-6 ಕೆಜಿ ಮಾತ್ರ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯಬಹುದು, ಹಗಲು ಹೋಗುವುದಾದರೆ 2023ರ ಜೂನ್‌ನಿಂದ ವಂದೇ ಭಾರತ್ ಇದೆ. ಸೀಟು ಎಕಾನಮಿಯೇ ಇರಲಿ. ಬಿಸಿನೆಸ್ ಕ್ಲಾಸಿನ ಒಂದು ಸೀಟು ಹಿಡಿಯುವ ಜಾಗ ಜಾಸ್ತಿ, ಹಾಗಾಗಿ ಅದರ ಪಾಲಿನ ಹೊಗೆ ಮೂರು ಪಟ್ಟಿನ ಹತ್ತಿರ ಬರುತ್ತದೆ. ಮತ್ತೆ, ಬಾಣಂತನಕ್ಕೆ ಒಮ್ಮೆ, ಜವಳ ತೆಗೆಯಲು ಒಮ್ಮೆ ಎಂದು ಎರಡು ಸಲ ಹಾರುವ ಬದಲು ಒಂದೇ ಸಲ ಹೋಗಿ ಜಾಸ್ತಿ ದಿನ ಇದ್ದು ಬನ್ನಿ. ತಪ್ಪಿದ ಒಂದು ಪ್ರಯಾಣದಿಂದ ಉಳಿಯುವಷ್ಟು ಬೇರೆ ಯಾವುದರಿಂದಲೂ ಉಳಿಯುವುದಿಲ್ಲ. ಮೊಮ್ಮಗುವಿನ ಜೊತೆ ಆರು ತಿಂಗಳೂ ಸಿಕ್ಕಿತು.

ಇನ್ನೊಂದು ದಾರಿ ನಿಮ್ಮ ಮಾಳಿಗೆಯ ಮೇಲಿದೆ. ನಮ್ಮ ಬಿಸಿಲಿಗೆ ಒಂದು ಕಿಲೋವಾಟ್ ಸೋಲಾರ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಮೂರು ಕಿಲೋವಾಟ್ ಹಾಕಿಸಿದರೆ ವರ್ಷಕ್ಕೆ 4,000 ಯೂನಿಟ್‌ಗಿಂತ ಜಾಸ್ತಿ. ಹೆಸ್ಕಾಂನ ತಂತಿಯಲ್ಲಿ ಬರುವ ಕರೆಂಟಿನಲ್ಲಿ ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನ ಪಾಲೂ ಇದೆ. ದೇಶದ ಸರಾಸರಿ ಲೆಕ್ಕದಲ್ಲಿ ಯೂನಿಟ್‌ಗೆ 0.7 ಕೆಜಿ ಇಂಗಾಲದ ಡೈಆಕ್ಸೈಡ್. ಹಾಗಾಗಿ ಮಾಳಿಗೆಯ ಸೋಲಾರ್ ವರ್ಷಕ್ಕೆ 3 ಟನ್ನಿನ ಹತ್ತಿರ ಉಳಿಸುತ್ತದೆ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ಇದೆ. ಗೃಹಜ್ಯೋತಿಯಿಂದ ನಿಮ್ಮ ಬಿಲ್ಲು ಈಗಾಗಲೇ ಸೊನ್ನೆ ಇದ್ದರೆ ಹಣದ ದೃಷ್ಟಿಯಿಂದ ಸೋಲಾರ್ ಹಾಕಿಸುವ ಮನಸ್ಸು ಬರುವುದು ಕಷ್ಟ, ಅದು ನನಗೆ ಅರ್ಥವಾಗುತ್ತದೆ. ಒಂದು ಮಾತು ಮಾತ್ರ ಹೇಳುತ್ತೇನೆ: ಲಾಭಕ್ಕೆ ಅಲ್ಲದೆ ವಿಮಾನದ ಸಾಲಕ್ಕೆ ಎಂದು ಹಾಕಿಸಿದರೆ, "ನಿಮ್ಮ ದುಡ್ಡು ಇಲ್ಲದಿದ್ದರೂ ಇದು ಆಗುತ್ತಿತ್ತಾ?" ಎಂಬ ಪ್ರಶ್ನೆಗೆ ನೀವು ಇಲ್ಲ ಎಂದು ಎದೆ ತಟ್ಟಿ ಹೇಳಬಹುದು.

ಹಾಗಾದರೆ ಆ 800 ರೂಪಾಯಿ ಏನು ಮಾಡುವುದು? ತಮ್ಮನ ಕೈಗೆ ಕೊಡಿ, ಜೊತೆಗೆ ಇನ್ನೂ ಒಂದಿಷ್ಟು ಸಾವಿರ ಸೇರಿಸಿ. ಹೊಲದ ಉತಾರ (ಪಹಣಿ) ತೆಗೆದುಕೊಂಡು ಹತ್ತಿರದ ವಲಯ ಅರಣ್ಯ ಕಚೇರಿಗೆ ಹೋಗಲು ಹೇಳಿ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಕಡಿಮೆ ದರಕ್ಕೆ ಸಸಿ ಸಿಗುತ್ತದೆ. ಬದುಕಿ ಉಳಿದ ಪ್ರತಿ ಸಸಿಗೂ ಮೂರು ವರ್ಷ ಪ್ರೋತ್ಸಾಹಧನ ಕೊಡುತ್ತಾರೆ. ನೆಟ್ಟಿದ್ದಕ್ಕಲ್ಲದೆ ಉಳಿದಿದ್ದಕ್ಕೆ ಹಣ ಕೊಡುತ್ತಾರೆ, ಈ ಯೋಜನೆಯಲ್ಲಿ ನನಗೆ ಹಿಡಿಸಿದ್ದು ಅದೇ. ಸಣ್ಣ ಪಾಕೀಟಿನ ಸಸಿ ಬೇಡ, ಸೊಂಟದೆತ್ತರದ್ದು ಕೇಳಿ. ಎರೆ ಮಣ್ಣು ಮಳೆ ಬಿದ್ದ ಮೇಲೆ ಕಾಲಿಗೆ ಮೆತ್ತುತ್ತದೆ, ಗುಂಡಿ ತೆಗೆಯಲು ಆಗುವುದಿಲ್ಲ. ಮೇ ಒಳಗೆ ತೆಗೆಸಿಡಿ. ಜೂನ್‌ನಲ್ಲಿ ಎರಡು ಹದ ಮಳೆಯಾದ ಮೇಲೆ ನೆಡಿ. ಅವತ್ತೇ ಸುತ್ತಲೂ ಜಾಲಿ ಮುಳ್ಳು ಹಾಕಿ, ನಾಳೆ ಹಾಕಿದರಾಯಿತು ಅಂದರೆ ಕುರಿ ಕಾಯುವುದಿಲ್ಲ. ಸುಗ್ಗಿ ಆದ ಮೇಲೆ ಹೊಲದಲ್ಲಿ ರವದಿಗೆ ಬೆಂಕಿ ಹಾಕುವ ರೂಢಿ ಇದ್ದರೆ ಬದುವಿನ ಪಕ್ಕ ಎರಡು ಮಾರು ಸ್ವಚ್ಛ ಮಾಡಿಸಬೇಕು.

ಅಕ್ಟೋಬರ್‌ವರೆಗೆ ಮಳೆ ನೋಡಿಕೊಳ್ಳುತ್ತದೆ. ನವೆಂಬರ್‌ನಿಂದ ಹತ್ತು ದಿನಕ್ಕೊಮ್ಮೆ ಪ್ರತಿ ಗಿಡಕ್ಕೂ ಒಂದು ಕೊಡ ನೀರು ಬೇಕು. ಎರೆ ನೆಲ ಬಿರುಕು ಬಿಟ್ಟಾಗ ಎಳೆ ಬೇರು ಹರಿಯುತ್ತದೆ, ಆದ್ದರಿಂದ ಬುಡಕ್ಕೆ ಕಸಕಡ್ಡಿಯ ಹೊದಿಕೆಯೂ ಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ ನೀವು ಮಗಳ ಮನೆಯಲ್ಲಿ ಇರುತ್ತೀರಿ. ಆ ನಾಲ್ಕು ತಿಂಗಳು ಕೊಡ ಹೊರುವವರು ಯಾರು, ಅವರ ಕೂಲಿ ಎಷ್ಟು ಎಂದು ತಮ್ಮನ ಜೊತೆ ಕೂತು ಹೊರಡುವ ಮೊದಲೇ ಗಟ್ಟಿ ಮಾಡಿಕೊಳ್ಳಿ. ತಿಂಗಳಿಗೊಮ್ಮೆ ಎಲ್ಲ ಗಿಡಗಳ ಫೋಟೋ ಕಳಿಸಲು ಹೇಳಿ, ಎಣಿಸಿ. ವಾಪಸ್ ಬಂದ ಮೇಲೆ ಎಷ್ಟು ಉಳಿದಿವೆ ಎಂದು ನನಗೂ ಬರೆಯಿರಿ.